‘ಗಳು’ ಎಲ್ಲಿ ಬೇಕು, ಎಲ್ಲಿ ಬೇಡ: ಹೊಸ ಭಾಷೆ ಕಟ್ಟುವವರಿಗೆ ವಚನ ಮತ್ತು ನಿಶ್ಚಿತತೆಯ ಕೈಪಿಡಿ

ಹೊಸ ಭಾಷೆಯೊಂದನ್ನು ಕಟ್ಟಲು ಹೊರಟವರು ಬರೆದು ಕೇಳುವ ಪ್ರಶ್ನೆಗಳಲ್ಲಿ ಎರಡು ತಪ್ಪದೆ ಬರುತ್ತವೆ. ಬಹುವಚನಕ್ಕೆ ಯಾವ ಪ್ರತ್ಯಯ ಇಡಲಿ? ಇಂಗ್ಲಿಷಿನ ‘ದ’, ‘ಎ’ಗಳಂಥವು ನನ್ನ ಭಾಷೆಗೂ ಬೇಕೇ? ಮೊದಲನೆಯದಕ್ಕೆ ಉತ್ತರ ಸುಲಭ. ಕಿವಿಗೆ ಹಿತವಾದದ್ದನ್ನು ಇಡಿ. ಐದು ನಿಮಿಷದ ಕೆಲಸ. ಆದರೆ ಆ ಪ್ರತ್ಯಯ ಎಲ್ಲಿ ಬರಲೇಬೇಕು, ಎಲ್ಲಿ ಬರಬಾರದು, ಎಲ್ಲಿ ಬಂದರೂ ಬಾರದಿದ್ದರೂ ನಡೆಯುತ್ತದೆ ಎಂದು ತೀರ್ಮಾನಿಸಲು ವಾರಗಳೇ ಹಿಡಿಯಬಹುದು. ಈ ಕೆಲಸವನ್ನು ಬಿಟ್ಟ ಭಾಷೆಗಳು ಪದಪಟ್ಟಿಯಾಗಿ ಉಳಿಯುತ್ತವೆ. ಎರಡನೆಯ ಪ್ರಶ್ನೆಗೂ ಇದೇ ಮಾತು ಸಲ್ಲುತ್ತದೆ.

ಮೊದಲು ಪದಗಳ ಅರ್ಥ ಸ್ಪಷ್ಟವಿರಲಿ. ಕಟ್ಟುಭಾಷೆ ಎಂದರೆ ಜನರ ಬಾಯಲ್ಲಿ ತಾನಾಗಿ ಬೆಳೆಯದೆ, ಯಾರೋ ಕುಳಿತು ರೂಪಿಸಿದ ಭಾಷೆ. ವಚನ ಎಂದರೆ ಶಾಲೆಯಲ್ಲಿ ಕಲಿತದ್ದೇ: ಒಂದೋ, ಹಲವೋ ಎಂಬ ಲೆಕ್ಕ. ನಿಶ್ಚಿತತೆ ಎಂದರೆ, ಯಾವುದರ ಬಗ್ಗೆ ಮಾತು ನಡೆದಿದೆ ಎಂಬುದು ಕೇಳುವವರಿಗೆ ಗುರುತು ಸಿಗುತ್ತದೆ ಎಂದು ಹೇಳುವವರು ಎಣಿಸಿರುವುದು. ಅದನ್ನು ತೋರಿಸಲು ನಾಮಪದದ ಪಕ್ಕದಲ್ಲಿ ನಿಲ್ಲುವ ಪುಟ್ಟ ಪದವೇ ಇಂಗ್ಲಿಷ್ ಪಾಠದಲ್ಲಿ ನಮ್ಮನ್ನು ಗೋಳಾಡಿಸಿದ ಆರ್ಟಿಕಲ್.

ಕೆಲಸಕ್ಕೆ ಕುಳಿತುಕೊಳ್ಳುವ ಮುನ್ನ ಇಷ್ಟು ಕೈಯಲ್ಲಿರಲಿ: ನಿಮ್ಮ ಭಾಷೆಯ ಧ್ವನಿಗಳ ಪಟ್ಟಿ, ವಾಕ್ಯದಲ್ಲಿ ಕರ್ತೃ, ಕರ್ಮ, ಕ್ರಿಯೆಗಳ ಕ್ರಮ, ವಿಭಕ್ತಿ ಪ್ರತ್ಯಯಗಳಿವೆಯೇ ಇಲ್ಲವೇ ಎಂಬ ತೀರ್ಮಾನ, ‘ಆ’, ‘ಒಂದು’, ‘ಗುಂಪು’ ಎಂಬ ಮೂರು ಪದಗಳು, ಜೊತೆಗೆ ಇಪ್ಪತ್ತು ನಾಮಪದಗಳು. ಇಪ್ಪತ್ತರಲ್ಲಿ ಮನುಷ್ಯರು, ಪ್ರಾಣಿಗಳು, ಕಲ್ಲು ಮರಗಳು, ಕಣ್ಣು ಕಿವಿಯಂಥ ಜೋಡಿ ಅಂಗಗಳು, ನೀರು ಮರಳಿನಂಥ ಎಣಿಸಲಾಗದವು, ಸೂರ್ಯನಂಥ ಒಂಟಿ ವಸ್ತು, ಒಂದೆರಡು ಅಂಕಿತನಾಮ ಎಲ್ಲವೂ ಇರಲಿ. ಬರೀ ‘ಮನೆ’, ‘ಮರ’ಗಳನ್ನೇ ಇಟ್ಟುಕೊಂಡು ನಿಯಮ ಬರೆದರೆ ‘ನೀರು’ ಬಂದ ದಿನ ಎಲ್ಲ ಕುಸಿಯುತ್ತದೆ.

ದಾರಿಯುದ್ದಕ್ಕೂ ಒಂದು ಪುಟ್ಟ ಮಾದರಿ ಭಾಷೆಯನ್ನು ಜೊತೆಗೆ ಕಟ್ಟುತ್ತಾ ಹೋಗೋಣ. ಅದರಲ್ಲಿ ‘ತೊರಿ’ ಎಂದರೆ ಹುಡುಗಿ, ‘ವೆನ್’ ಹಕ್ಕಿ, ‘ಮೆಕ್’ ಕಲ್ಲು, ‘ಲುಮ’ ನೀರು, ‘ಸೊ’ ಎಂದರೆ ಆ, ‘ರಾದ’ ಎಂದರೆ ಗುಂಪು.

ಹಂತ 1: ಭಾಷೆ ಯಾರಿಗಾಗಿ?

ಬೇರೆ ಬೇರೆ ದೇಶದವರು ಬೇಗ ಕಲಿಯಲೆಂದೇ, ಕಥಾಲೋಕದ ಜನ ಆಡಲೆಂದೇ, ಅಥವಾ ಒಂದು ವಿಚಾರವನ್ನು ಒರೆಗೆ ಹಚ್ಚಲೆಂದೇ? ಕಲಿಕೆಯ ಭಾಷೆಗೆ ಅಪವಾದಗಳು ಶತ್ರು. 1887ರಲ್ಲಿ ಝಾಮೆನ್‌ಹೋಫ್ ಹೊರತಂದ ಎಸ್ಪೆರಾಂಟೊದಲ್ಲಿ ನಾಮಪದವೆಲ್ಲ ‘ಒ’ದಿಂದ ಕೊನೆಗೊಳ್ಳುತ್ತದೆ, ಬಹುವಚನವೆಲ್ಲ ‘ಯ್’ ಸೇರಿ ಆಗುತ್ತದೆ: ದೋಮೊ ಎಂದರೆ ಮನೆ, ದೋಮೊಯ್ ಎಂದರೆ ಮನೆಗಳು. ಅಷ್ಟೇ. ಕಥಾಲೋಕದ ಭಾಷೆಯಲ್ಲಿ ಇದೇ ಅಚ್ಚುಕಟ್ಟು ದೋಷವಾಗುತ್ತದೆ. ಸಾವಿರಾರು ವರ್ಷ ಜನ ಆಡಿದ್ದಾರೆ ಎನ್ನಲಾದ ಭಾಷೆಯಲ್ಲಿ ಒಂದಾದರೂ ಸವೆದ ಮೂಲೆ ಕಾಣದಿದ್ದರೆ ಯಾರು ನಂಬುತ್ತಾರೆ? ಉತ್ತರವನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಪ್ರತಿ ಹಂತದಲ್ಲೂ ಅದು ತೀರ್ಪುಗಾರನಾಗುತ್ತದೆ.

ಹಂತ 2: ಎಷ್ಟು ವಚನ?

ಕನ್ನಡಕ್ಕೆ ಎರಡು ಸಾಕು. ಸಂಸ್ಕೃತದಲ್ಲಿ ಬಾಲಕಃ, ಬಾಲಕೌ, ಬಾಲಕಾಃ ಎಂದು ಮೂರು. ಟೋಲ್ಕಿನ್ ಕಟ್ಟಿದ ಕ್ವೆನ್ಯದಲ್ಲಿ ಹಡಗು ‘ಕಿರ್ಯ’. ಹಲವಾದರೆ ‘ಕಿರ್ಯರ್’, ಎರಡಾದರೆ ‘ಕಿರ್ಯತ್’, ಇವುಗಳ ಮೇಲೆ ‘ಕಿರ್ಯಲಿ’ ಎಂಬ ಇನ್ನೊಂದು ಬಹುವಚನ ಬೇರೆ. ‘ಅವತಾರ್’ ಚಿತ್ರಕ್ಕಾಗಿ ಪಾಲ್ ಫ್ರೋಮರ್ ರೂಪಿಸಿದ ನಾವಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮೂರಕ್ಕೂ ಬೇರೆ ರೂಪ ಇಟ್ಟಿದೆ. ಅಂದರೆ ಏಕವಚನ, ದ್ವಿವಚನ, ತ್ರಿವಚನ, ನಾಲ್ಕು ಮತ್ತು ಮೇಲ್ಪಟ್ಟಿದ್ದಕ್ಕೆ ಬಹುವಚನ. ಇನ್ನೊಂದು ತುದಿಯಲ್ಲಿ ಸೋನ್ಯಾ ಲ್ಯಾಂಗ್ ಅವರ ಟೋಕಿ ಪೋನಾ ಇದೆ. ಅಲ್ಲಿ ‘ವಸೊ’ ಎಂದರೆ ಹಕ್ಕಿ, ಹಕ್ಕಿಗಳು, ಎಲ್ಲವೂ. ಹಲವೆಂದು ಹೇಳಲೇಬೇಕಾದರೆ ಪಕ್ಕದಲ್ಲಿ ‘ಮುತೆ’ ಎಂಬ ಪದ ಬರುತ್ತದೆ.

ಇಲ್ಲಿ ಪ್ರಕೃತಿಯ ಒಂದು ಮೆಟ್ಟಿಲಿದೆ. ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಪ್ರಕಟಿಸಿದ ಸಾರ್ವತ್ರಿಕ ನಿಯಮಗಳಲ್ಲಿ ಒಂದು ಹೀಗೆ ಹೇಳುತ್ತದೆ: ದ್ವಿವಚನವಿಲ್ಲದ ಭಾಷೆಯಲ್ಲಿ ತ್ರಿವಚನ ಇರುವುದಿಲ್ಲ, ಬಹುವಚನವಿಲ್ಲದ ಭಾಷೆಯಲ್ಲಿ ದ್ವಿವಚನ ಇರುವುದಿಲ್ಲ. ನಿಮ್ಮ ಭಾಷೆಯನ್ನು ಮನುಷ್ಯರು ಆಡುವುದಾದರೆ ಈ ಮೆಟ್ಟಿಲನ್ನು ಹಾರಬೇಡಿ. ಬೇರೆ ಗ್ರಹದವರಾದರೆ ಹಾರಬಹುದು, ಆದರೆ ಗೊತ್ತಿದ್ದು ಹಾರಿ.

ಎಣಿಕೆಯ ದಾರಿಯಲ್ಲೇ ಹೋಗಬೇಕೆಂದೇನೂ ಇಲ್ಲ. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಗೆ ಡೇವಿಡ್ ಪೀಟರ್ಸನ್ ಕಟ್ಟಿದ ಹೈ ವಲೀರಿಯನ್ ಭಾಷೆಯ ನಾಲ್ಕು ವಚನಗಳನ್ನು ನೋಡಿ. ‘ವಲ’ ಮನುಷ್ಯ, ‘ವಲಿ’ ಮನುಷ್ಯರು, ‘ವಲುನ್’ ಕೆಲವರು, ‘ವಲರ್’ ಮನುಷ್ಯರೆಲ್ಲ. ‘ವಲರ್ ಮೋರ್ಘೂಲಿಸ್’ ಎಂಬ ಮಾತು ಕಾದಂಬರಿಯಲ್ಲಿ ಮೊದಲೇ ಇತ್ತು; ಅದರ ಅರ್ಥ ‘ಎಲ್ಲ ಮನುಷ್ಯರೂ ಸಾಯಲೇಬೇಕು’. ಎರಡೇ ಪದ, ‘ಎಲ್ಲ’ ಎಂಬುದಕ್ಕೆ ಪ್ರತ್ಯೇಕ ಪದವಿಲ್ಲ. ಆ ಅರ್ಥವನ್ನು ಸಮೂಹವಚನದ ರೂಪವೇ ಹೊತ್ತಿದೆ. ಸಿಕ್ಕ ಎರಡು ಪದಗಳಿಂದ ಇಡೀ ವಚನ ವ್ಯವಸ್ಥೆಯನ್ನು ಹಿಂಜಿ ತೆಗೆಯುವುದು ಎಂದರೆ ಇದು.

ಎಚ್ಚರಿಕೆ: ವಚನ ಹೆಚ್ಚಿದಷ್ಟೂ ಭಾಷೆ ಶ್ರೀಮಂತ ಎಂಬ ಭ್ರಮೆ ಬೇಡ. ವಚನ ನಾಲ್ಕು, ವಿಭಕ್ತಿ ಎಂಟು ಇದ್ದರೆ ಒಂದು ನಾಮಪದಕ್ಕೆ ಮೂವತ್ತೆರಡು ರೂಪ. ಬರೆದವರಿಗೇ ನೆನಪಿರುವುದಿಲ್ಲ. ನಮ್ಮ ಮಾದರಿಗೆ ಏಕವಚನ, ಬಹುವಚನ ಎರಡೇ ಇರಲಿ.

ಹಂತ 3: ಯಾವ ನಾಮಪದಕ್ಕೆ?

ಹೊಸಬರು ಹೆಚ್ಚಾಗಿ ಬಿಟ್ಟುಬಿಡುವ ಹಂತ ಇದು. ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇಲ್ಲೇ ಇದೆ.

ಕನ್ನಡವನ್ನೇ ಗಮನಿಸಿ. ‘ಎರಡು ಪುಸ್ತಕ ತಂದೆ’ ಎನ್ನುತ್ತೇವೆ, ‘ಪುಸ್ತಕಗಳು’ ಎಂದು ಎಳೆಯುವುದಿಲ್ಲ. ‘ಇಬ್ಬರು ಹುಡುಗ ಬಂದರು’ ಎಂದರೆ ಮಾತ್ರ ಕಿವಿ ಚುಚ್ಚುತ್ತದೆ. ಕಲ್ಲಿಗೆ ಬಹುವಚನ ಐಚ್ಛಿಕ, ಮನುಷ್ಯನಿಗೆ ಕಡ್ಡಾಯ. ಪ್ರತ್ಯಯವೂ ಬೇರೆ: ಮರಗಳು, ಹುಡುಗರು, ಅಣ್ಣಂದಿರು. ಎಣಿಸುವ ಪದವೂ ಬೇರೆ: ಮೂರು ಮರ, ಮೂವರು ಹೆಂಗಸರು. ಇದು ಕನ್ನಡದ ವಿಚಿತ್ರವೇನಲ್ಲ. ಲೋಕದ ಬಹಳಷ್ಟು ಭಾಷೆಗಳಲ್ಲಿ ಬಹುವಚನದ ಗುರುತು ಏಣಿಯ ಮೇಲಿನಿಂದ ಇಳಿಯುತ್ತದೆ. ಮೊದಲು ‘ನಾನು, ನೀನು’ಗಳು, ಆಮೇಲೆ ಬಂಧುವಾಚಕಗಳು, ಇತರ ಮನುಷ್ಯರು, ಪ್ರಾಣಿಗಳು, ಕೊನೆಗೆ ಜಡವಸ್ತುಗಳು. ಪ್ರತಿ ಭಾಷೆಯೂ ಈ ಏಣಿಯ ಯಾವುದೋ ಒಂದು ಮೆಟ್ಟಿಲಲ್ಲಿ ಗೆರೆ ಎಳೆದು, ಕೆಳಗಿನವಕ್ಕೆ ವಿನಾಯಿತಿ ಕೊಡುತ್ತದೆ. ಇದಕ್ಕೆ ಜೀವಂತಿಕೆಯ ಶ್ರೇಣಿ ಎನ್ನೋಣ.

ಪೀಟರ್ಸನ್ ಅವರದೇ ದೋಥ್ರಾಕಿಯಲ್ಲಿ ಗೆರೆ ನೇರವಾಗಿದೆ. ಜೀವವಾಚಕ ವರ್ಗದ ನಾಮಪದಕ್ಕೆ ಬಹುವಚನ ರೂಪವಿದೆ, ನಿರ್ಜೀವ ವರ್ಗದ್ದಕ್ಕೆ ಇಲ್ಲವೇ ಇಲ್ಲ. ಯೋಧ ‘ಲಜಕ್’, ಯೋಧರು ‘ಲಜಕಿ’. ದಾರಿ ಒಂದಾದರೂ ಹತ್ತಾದರೂ ರೂಪ ಒಂದೇ. ಸ್ಟಾರ್ ಟ್ರೆಕ್ ಚಿತ್ರಗಳಿಗಾಗಿ ಮಾರ್ಕ್ ಒಕ್ರಾಂಡ್ ರೂಪಿಸಿದ ಕ್ಲಿಂಗನ್ ಇನ್ನೂ ರುಚಿಕಟ್ಟಾಗಿದೆ. ಅಲ್ಲಿ ಮೂರು ಬಹುವಚನ ಪ್ರತ್ಯಯಗಳು: ಮಾತಾಡಬಲ್ಲ ಜೀವಿಗಳಿಗೆ ‘ಪು’, ಅಂಗಾಂಗಗಳಿಗೆ ‘ಡು’, ಉಳಿದದ್ದಕ್ಕೆಲ್ಲ ‘ಮೇ’. ಮಗು ‘ಪುಕ್’, ಮಕ್ಕಳು ‘ಪುಕ್‌ಪು’. ಹಾಗಿದ್ದರೆ ‘ಪುಕ್‌ಮೇ’ ಎಂದರೆ ತಪ್ಪೇ? ತಪ್ಪಲ್ಲ, ‘ಎಲ್ಲೆಂದರಲ್ಲಿ ಚೆಲ್ಲಾಪಿಲ್ಲಿಯಾಗಿರುವ ಮಕ್ಕಳು’ ಎಂಬ ಅರ್ಥ ಬರುತ್ತದೆ. ನಿಯಮ ಮುರಿದರೆ ಹೊಸ ಅರ್ಥ ಹುಟ್ಟುವಂತೆ ಕಟ್ಟಿದ್ದು ಒಕ್ರಾಂಡ್ ಅವರ ಜಾಣತನ. ಇದನ್ನು ಕದಿಯಲು ಸಂಕೋಚ ಬೇಡ.

ಅಷ್ಟೇ ಅಲ್ಲ, ಕ್ಲಿಂಗನ್‌ನಲ್ಲಿ ಈ ಪ್ರತ್ಯಯಗಳೆಲ್ಲ ಐಚ್ಛಿಕ. ಹಲವು ಎಂಬುದು ಸಂದರ್ಭದಿಂದಲೋ ಕ್ರಿಯಾಪದದಿಂದಲೋ ತಿಳಿದರೆ ನಾಮಪದವನ್ನು ಹಾಗೆಯೇ ಬಿಡಬಹುದು. ಜೊತೆಗೆ ಕೆಲವು ಪದಗಳಿಗೆ ಬಹುವಚನವೇ ಬೇರೊಂದು ಪದ. ಗುರಿ ಒಂದಾದರೆ ‘ಡೋಷ್’, ಹಲವಾದರೆ ‘ರಯ್’. ಈ ‘ರಯ್’ ಅರ್ಥದಲ್ಲಿ ಬಹುವಚನವಾದರೂ ವ್ಯಾಕರಣ ಅದನ್ನು ಏಕವಚನವಾಗಿಯೇ ನಡೆಸಿಕೊಳ್ಳುತ್ತದೆ.

ಇದೇ ಹಂತದಲ್ಲಿ ಇನ್ನೊಂದು ತೀರ್ಮಾನ ಮಾಡಿ: ಬಹುವಚನ ಬರೀ ಎಣಿಕೆಯ ಗುರುತೇ, ಗೌರವದ ಗುರುತೂ ಹೌದೇ? ‘ಗುರುಗಳು ಬಂದರು’ ಎಂದಾಗ ಬಂದವರು ಒಬ್ಬರೇ. ಕನ್ನಡಿಗರು ಕಟ್ಟುವ ಭಾಷೆಗೆ ಈ ಗುಣ ಹೇಳದೆ ಕೇಳದೆ ನುಸುಳಿಬಿಡುತ್ತದೆ. ಇರಲಿ ಎನಿಸಿದರೆ ಇರಲಿ, ಆದರೆ ನಿಯಮವಾಗಿ ಬರೆದಿಡಿ. ಇಲ್ಲದಿದ್ದರೆ ಅರ್ಧ ಪುಟದಲ್ಲಿ ಗುರು ಒಬ್ಬರು, ಇನ್ನರ್ಧದಲ್ಲಿ ಹತ್ತು ಜನ.

ನಮ್ಮ ಮಾದರಿಯಲ್ಲಿ ಗೆರೆಯನ್ನು ಪ್ರಾಣಿಗಳ ಕೆಳಗೆ ಎಳೆಯೋಣ. ತೊರಿ, ವೆನ್‌ಗಳಿಗೆ ಬಹುವಚನ ಕಡ್ಡಾಯ. ಮೆಕ್, ಲುಮಗಳಿಗೆ ಇಲ್ಲ.

ಹಂತ 4: ಗುರುತು ಎಲ್ಲಿ ಕೂರುತ್ತದೆ?

ಪದದ ಕೊನೆಗೆ ಅಂಟಿಸುವುದು ಎಲ್ಲರಿಗೂ ಹೊಳೆಯುವ ದಾರಿ. ಎಸ್ಪೆರಾಂಟೊ, ಕ್ಲಿಂಗನ್, ನಾವು ಎಲ್ಲರೂ ಮಾಡುವುದು ಅದನ್ನೇ. ಬೇರೆ ದಾರಿಗಳೂ ಇವೆ.

ಪದದ ಮುಂದೆ ಹಚ್ಚಬಹುದು. ನಾವಿಯಲ್ಲಿ ಎರಡಕ್ಕೆ ‘ಮೆ’, ಹಲವಕ್ಕೆ ‘ಅಯ್’ ಪದದ ಮುಂದೆ ಬರುತ್ತವೆ, ಬಂದ ಕೂಡಲೇ ಪದದ ಮೊದಲ ವ್ಯಂಜನವನ್ನು ಮೆತ್ತಗಾಗಿಸುತ್ತವೆ. ಮಳೆ, ಕಾಲ ಸೇರಿ ಮಳೆಗಾಲವಾದಾಗ ಕಕಾರ ಗಕಾರವಾಗುವ ಆದೇಶ ಸಂಧಿಯನ್ನು ನೆನೆಯಿರಿ; ಬಗೆ ಬೇರೆ, ಜಾತಿ ಅದೇ. ವ್ಯಕ್ತಿ ‘ತುತೆ’, ಇಬ್ಬರು ‘ಮೆಸುತೆ’. ಸೊಗಸು ಮುಂದಿದೆ. ‘ಅಯ್’ ಎಂಬುದನ್ನು ಬಿಟ್ಟು ಬರೀ ‘ಸುತೆ’ ಎಂದರೂ ಜನರು ಎಂದೇ ಅರ್ಥ. ಪ್ರತ್ಯಯ ಉದುರಿಹೋಗಿ ಅದರ ಹೆಜ್ಜೆಗುರುತು ಮಾತ್ರ ಉಳಿದಿದೆ.

ಪದದೊಳಗಿನ ಸ್ವರವನ್ನೇ ಬದಲಿಸಬಹುದು. ಟೋಲ್ಕಿನ್ ಅವರ ಸಿಂದರಿನ್‌ನಲ್ಲಿ ಮನುಷ್ಯ ‘ಅದನ್’, ಮನುಷ್ಯರು ‘ಎದಾಯ್ನ್’. ಇದೂ ಒಂದು ಕಾಲದಲ್ಲಿದ್ದ ಪ್ರತ್ಯಯದ ಹೆಜ್ಜೆಗುರುತೇ: ಕೊನೆಯಲ್ಲಿದ್ದ ‘ಇ’ಕಾರ ಹಿಂದಿನ ಸ್ವರಗಳನ್ನು ತನ್ನ ಕಡೆಗೆ ಎಳೆದು ತಾನು ಮಾಯವಾಯಿತು. ಇಂಥದ್ದು ಬೇಕಿದ್ದರೆ ಮೊದಲು ಹಳೆಯ ರೂಪ ಕಟ್ಟಿ, ಆಮೇಲೆ ಸವೆಸಿ. ನೇರವಾಗಿ ಮನಬಂದಂತೆ ಸ್ವರ ಬದಲಿಸಿದರೆ ಅದು ಇತಿಹಾಸದಂತೆ ಕಾಣದೆ ಅಚ್ಚಿನ ದೋಷದಂತೆ ಕಾಣುತ್ತದೆ.

ಪದವನ್ನು ಎರಡು ಬಾರಿ ಹೇಳಬಹುದು. ಇಂಡೊನೇಷ್ಯನ್ ಭಾಷೆಯಲ್ಲಿ ‘ಬುಕು’ ಪುಸ್ತಕ, ‘ಬುಕು-ಬುಕು’ ಪುಸ್ತಕಗಳು. ಇಲ್ಲಿ ನಮ್ಮವರು ಜಾರುತ್ತಾರೆ. ಕನ್ನಡದಲ್ಲಿ ‘ಮನೆಮನೆಗೂ’ ಎಂದರೆ ಹಲವು ಮನೆ ಎಂದಷ್ಟೇ ಅಲ್ಲ, ಒಂದೊಂದನ್ನೂ ಬಿಡದೆ ಎಂದರ್ಥ. ‘ಪುಸ್ತಕ ಗಿಸ್ತಕ’ ಎಂದರೆ ಪುಸ್ತಕ ಮತ್ತು ಅಂಥವು. ಇರ್ನುಡಿಯನ್ನು ಬಳಸುವುದಾದರೆ ಈ ಮೂರರಲ್ಲಿ ಯಾವ ಅರ್ಥ ಎಂದು ಆರಿಸಿ.

ನಾಮಪದವನ್ನು ಮುಟ್ಟದೆಯೂ ಇರಬಹುದು. ಸುಜೆಟ್ ಹೇಡನ್ ಎಲ್ಗಿನ್ ರೂಪಿಸಿದ ಲಾದನ್ ಭಾಷೆಯಲ್ಲಿ ನಾಮಪದ ಬದಲಾಗುವುದಿಲ್ಲ, ಕ್ರಿಯಾಪದದ ಮುಂದೆ ‘ಮೆ’ ಸೇರುತ್ತದೆ. ಕೇಳಲು ಹೊಸದಾದರೂ ‘ಹತ್ತು ಮರ ಬಿದ್ದವು’ ಎಂಬಲ್ಲಿ ನಾವು ಮಾಡುವುದೂ ಹೆಚ್ಚುಕಡಿಮೆ ಇದನ್ನೇ: ‘ಮರ’ ತೆಪ್ಪಗಿದೆ, ‘ಬಿದ್ದವು’ ಲೆಕ್ಕ ಒಪ್ಪಿಸುತ್ತಿದೆ.

ಬಹುವಚನವನ್ನೇ ಮೂಲವಾಗಿಟ್ಟು ಏಕವಚನಕ್ಕೆ ಪ್ರತ್ಯಯ ಹಚ್ಚುವ ತಲೆಕೆಳಗಿನ ದಾರಿಯೂ ಇದೆ. ವೆಲ್ಶ್ ಭಾಷೆಯಲ್ಲಿ ‘ಕೋಯ್ಡ್’ ಎಂದರೆ ಮರಗಳು, ‘ಕೋಯ್ಡೆನ್’ ಎಂದರೆ ಒಂದು ಮರ. ಗುಂಪಾಗಿಯೇ ಕಣ್ಣಿಗೆ ಬೀಳುವ ಎಲೆ, ಇರುವೆ, ಗರಿಯಂಥವಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಇಡೀ ಭಾಷೆಗೆ ಹರಡಬೇಡಿ.

ಕ್ರಮದ ಬಗ್ಗೆ ಒಂದು ಕಟ್ಟುಪಾಡು. ವಚನ, ವಿಭಕ್ತಿ ಎರಡೂ ಪದದ ಒಂದೇ ಬದಿಯಲ್ಲಿ ಬಂದರೆ ವಚನ ಮೂಲಪದದ ಪಕ್ಕದಲ್ಲಿ, ವಿಭಕ್ತಿ ಹೊರಗೆ. ಮರ-ಗಳ-ನ್ನು. ಎಸ್ಪೆರಾಂಟೊದಲ್ಲೂ ದೋಮೊ-ಯ್-ನ್. ಗ್ರೀನ್‌ಬರ್ಗ್ ಇದನ್ನೂ ಪಟ್ಟಿಯಲ್ಲಿ ಸೇರಿಸಿದ್ದಾರೆ. ಇದನ್ನು ತಿರುಗಿಸಿ ‘ಮರ-ವನ್ನು-ಗಳು’ ಎನ್ನುವಂತೆ ಮಾಡಿದರೆ ಓದುಗರಿಗೆ ಕಾರಣ ತಿಳಿಯದೆಯೂ ಇರಿಸುಮುರಿಸಾಗುತ್ತದೆ.

ವಿಶೇಷಣಗಳಿಗೂ ವಚನ ಹರಡಬೇಕೇ? ಎಸ್ಪೆರಾಂಟೊ ಹರಡಿತು: ‘ಬೇಲ ದೋಮೊ’ ಚೆಂದದ ಮನೆ, ‘ಬೇಲಯ್ ದೋಮೊಯ್’ ಚೆಂದದ ಮನೆಗಳು. 1907ರಲ್ಲಿ ಅದರಿಂದ ಕವಲೊಡೆದ ಇಡೊ ಅದನ್ನು ಕೈಬಿಟ್ಟಿತು, 1951ರ ಇಂಟರ್‌ಲಿಂಗ್ವಾದಲ್ಲೂ ಅದಿಲ್ಲ. ಕಲಿಕೆಯ ಭಾಷೆಯಾದರೆ ಕೈಬಿಟ್ಟವರ ಜೊತೆ ನಿಲ್ಲಿ.

ಮಾದರಿಗೆ ಬರೋಣ. ‘ರಾದ’ ಸವೆದು ‘ರ’ ಆಯಿತು ಎನ್ನೋಣ. ತೊರಿರ ಎಂದರೆ ಹುಡುಗಿಯರು. ವೆನ್ನಿಗೆ ಸೇರಿದರೆ ‘ವೆನ್ರ’. ಬಾಯಿಗೆ ತೊಡಕಾದ್ದರಿಂದ ನಡುವೆ ದಕಾರ ನುಗ್ಗಿ ‘ವೆಂದ್ರ’ ಆಗಲಿ. ಇಂಥ ಒಂದೆರಡು ಸಂಧಿ ಸಾಕು, ಭಾಷೆಗೆ ಮೈ ಬರುತ್ತದೆ.

ಹಂತ 5: ಸಂಖ್ಯೆ ಎದುರಿಗೆ ಬಂದಾಗ

ಚಿಕ್ಕ ಹಂತ, ಮರೆತವರೇ ಹೆಚ್ಚು. ‘ಮೂರು’ ಎಂದ ಮೇಲೆ ಮತ್ತೆ ‘ಗಳು’ ಯಾಕೆ ಎಂದು ಟರ್ಕಿಶ್, ಹಂಗೇರಿಯನ್ ಭಾಷೆಗಳು ನಾಮಪದವನ್ನು ಏಕವಚನದಲ್ಲೇ ಇಡುತ್ತವೆ. ಇಷ್ಟೆಲ್ಲ ವಚನಗಳಿರುವ ನಾವಿಯಲ್ಲೂ ಸಂಖ್ಯಾಪದದ ಜೊತೆ ಏಕವಚನವೇ. ಎಸ್ಪೆರಾಂಟೊ ಎರಡನ್ನೂ ಬೇಡುತ್ತದೆ: ‘ದು ದೋಮೊಯ್’, ಎರಡು ಮನೆಗಳು. ಒಂದನ್ನು ಆರಿಸಿ, ‘ಹಲವು’, ‘ಕೆಲವು’, ‘ಎಷ್ಟು’ ಎಂಬ ಪದಗಳಿಗೂ ಅದೇ ನಿಯಮವೇ ಎಂದು ಬರೆಯಿರಿ. ಮಾದರಿಯಲ್ಲಿ ಸಂಖ್ಯೆ ಇದ್ದರೆ ‘ರ’ ಬಿದ್ದುಹೋಗುತ್ತದೆ.

ಹಂತ 6: ನಿಶ್ಚಿತತೆಯನ್ನು ಬಿಡಿಸಿ ನೋಡಿ

ಎಸ್ಪೆರಾಂಟೊದ ಆಧಾರಗ್ರಂಥದಲ್ಲಿ ನನಗೆ ಬಹಳ ಇಷ್ಟವಾದ ಒಂದು ಟಿಪ್ಪಣಿ ಇದೆ. ‘ಲ’ ಎಂಬ ಆರ್ಟಿಕಲ್‌ನ ಬಳಕೆ ಜರ್ಮನ್, ಫ್ರೆಂಚ್ ಮುಂತಾದ ಭಾಷೆಗಳಲ್ಲಿ ಇರುವಂತೆಯೇ. ಅದು ಕಷ್ಟವಾಗುವವರು ಮೊದಮೊದಲು ಅದನ್ನು ಬಳಸದೆಯೇ ಇರಬಹುದು. ಹದಿನಾರು ನಿಯಮಗಳಲ್ಲಿ ವ್ಯಾಕರಣ ಮುಗಿಸಿದ ಝಾಮೆನ್‌ಹೋಫ್ ಅವರಿಗೂ ಇದನ್ನು ಒಂದು ಸಾಲಿನಲ್ಲಿ ಕಟ್ಟಿಹಾಕಲು ಆಗಲಿಲ್ಲ. ಜರ್ಮನ್, ಫ್ರೆಂಚ್ ಭಾಷೆಗಳಾದರೂ ಈ ವಿಷಯದಲ್ಲಿ ತಮ್ಮತಮ್ಮಲ್ಲೇ ಒಮ್ಮತದಲ್ಲಿಲ್ಲ. ‘ನಮ್ಮಲ್ಲೂ ಇಂಗ್ಲಿಷಿನಂತೆ’ ಎಂದು ಬರೆದು ಮುಗಿಸುವ ಆಸೆ ಬಂದಾಗ ಇದನ್ನು ನೆನೆಯಿರಿ.

ನಿಶ್ಚಿತ ಎಂಬ ಒಂದೇ ಹೆಸರಿನಡಿ ಹಲವು ಸಂಗತಿಗಳು ಅಡಗಿವೆ. ‘ಒಂದಾನೊಂದು ಊರಿನಲ್ಲಿ ಒಬ್ಬ ರಾಜ. ರಾಜನಿಗೆ ಮೂವರು ಮಕ್ಕಳು.’ ಮೊದಲ ಸಲ ‘ಒಬ್ಬ’ ಬಂತು, ಎರಡನೆಯ ಸಲ ಬೇಕಾಗಲಿಲ್ಲ, ಈಗಾಗಲೇ ಪರಿಚಯವಾಗಿದೆ. ಇದು ಒಂದು ಬಗೆ. ‘ಸೂರ್ಯ ಮುಳುಗಿದ’ ಎಂಬಲ್ಲಿ ಪರಿಚಯವೇ ಬೇಡ, ಇರುವುದು ಒಬ್ಬನೇ. ‘ಮನೆಗೆ ಹೋದೆ, ಬಾಗಿಲು ಮುಚ್ಚಿತ್ತು’ ಎಂಬಲ್ಲಿ ಬಾಗಿಲನ್ನು ಮೊದಲು ಹೇಳಿರಲಿಲ್ಲ, ಆದರೂ ಮನೆ ಎಂದ ಮೇಲೆ ಬಾಗಿಲು ಇದ್ದೇ ಇರುತ್ತದೆ. ‘ಆನೆ ದೊಡ್ಡ ಪ್ರಾಣಿ’ ಎಂಬಲ್ಲಿ ಯಾವ ಒಂದು ಆನೆಯೂ ಇಲ್ಲ, ಇಡೀ ಕುಲದ ಮಾತು.

ಇನ್ನೊಂದು ಭೇದವೂ ಇದೆ. ‘ನಾನು ಒಂದು ಪುಸ್ತಕ ಹುಡುಕುತ್ತಿದ್ದೇನೆ’ ಎಂದಾಗ ಕಳೆದುಹೋದ ಆ ಒಂದೇ ಪುಸ್ತಕವೋ, ಓದಲು ಸಿಕ್ಕರೆ ಸಾಕೆನ್ನುವ ಯಾವುದಾದರೊಂದೋ? ಮೊದಲನೆಯದರಲ್ಲಿ ಹೇಳುವವರ ಮನಸ್ಸಿನಲ್ಲಿ ವಸ್ತು ನಿಗದಿಯಾಗಿದೆ, ಕೇಳುವವರಿಗೆ ಗೊತ್ತಿಲ್ಲ. ಇದನ್ನು ನಿರ್ದಿಷ್ಟತೆ ಎನ್ನಿ, ನಿಶ್ಚಿತತೆಯಿಂದ ಬೇರೆಯಾಗಿಡಿ. ಸಮೋವನ್ ಭಾಷೆಯ ಆರ್ಟಿಕಲ್‌ಗಳು ಈ ಗೆರೆಯ ಮೇಲೇ ನಿಂತಿವೆ: ನಿರ್ದಿಷ್ಟಕ್ಕೆ ‘ಲೆ’, ಯಾವುದಾದರೂ ಸರಿ ಎನ್ನುವುದಕ್ಕೆ ‘ಸೆ’. ತರ್ಕವನ್ನೇ ಬೆನ್ನೆಲುಬಾಗಿಸಿಕೊಂಡ ಲೋಜ್‌ಬನ್‌ನಲ್ಲೂ ‘ಲೆ’ ಎಂದರೆ ನನ್ನ ಮನಸ್ಸಿನಲ್ಲಿರುವುದು. ‘ಲೋ’ ಎಂಬುದು ಅಂಥ ಹಂಗಿಲ್ಲದ ಸಾಮಾನ್ಯ ರೂಪ, ಹೆಸರುಗಳಿಗೆ ‘ಲ’. ಅಲ್ಲಿ ವಚನದ ಗುರುತು ಕಡ್ಡಾಯವೇ ಅಲ್ಲ. ‘ಲೋ ಗೆರ್ಕು’ ಎಂದರೆ ನಾಯಿ ಒಂದಿರಬಹುದು, ಹತ್ತಿರಬಹುದು. ಎಣಿಕೆ ಬೇಕಾದರೆ ನಡುವೆ ಸಂಖ್ಯೆ ಇಡುತ್ತಾರೆ.

ಈ ಹಂತದ ಕೆಲಸ ಇಷ್ಟೇ: ಮೇಲಿನ ಐದು ಸಂದರ್ಭಗಳನ್ನು ಬರೆದು, ಯಾವುದಕ್ಕೆ ಗುರುತು, ಯಾವುದಕ್ಕೆ ಇಲ್ಲ ಎಂದು ಎದುರಿಗೆ ಟಿಪ್ಪಣಿ ಹಾಕಿ. ಯಾವುದಕ್ಕೂ ಬೇಡ ಎನ್ನುವುದೂ ಗೌರವದ ಉತ್ತರವೇ. ಲ್ಯಾಟಿನ್‌ನಲ್ಲಿ ಆರ್ಟಿಕಲ್ ಇರಲಿಲ್ಲ, ರಷ್ಯನ್‌ನಲ್ಲಿ ಇಲ್ಲ, ಕ್ಲಿಂಗನ್‌ನಲ್ಲೂ ಇಲ್ಲ.

ಹಂತ 7: ಗುರುತನ್ನು ಎಲ್ಲಿಂದ ತರುವುದು?

ಶೂನ್ಯದಿಂದ ತರಬೇಡಿ. ಭಾಷೆಗಳಲ್ಲಿ ನಿಶ್ಚಿತದ ಗುರುತು ಸಾಮಾನ್ಯವಾಗಿ ‘ಆ’ ಎಂಬ ಪದ ಸವೆದು ಹುಟ್ಟುತ್ತದೆ, ಅನಿಶ್ಚಿತದ್ದು ‘ಒಂದು’ ಸವೆದು. ಲ್ಯಾಟಿನ್‌ನ ‘ಇಲ್ಲೆ’ (ಅದು) ಫ್ರೆಂಚ್‌ನ ‘ಲ’ ಆಯಿತು, ‘ಊನುಸ್’ (ಒಂದು) ಅಲ್ಲಿನ ಅನಿಶ್ಚಿತ ಆರ್ಟಿಕಲ್ ಆಯಿತು. ಕನ್ನಡದ ‘ಒಬ್ಬ’, ‘ಒಂದು’ಗಳೂ ಆ ದಾರಿಯಲ್ಲಿ ಅರ್ಧ ನಡೆದು ಕುಳಿತಂತಿವೆ. ಎರಡೂ ಇರಬೇಕೆಂದಿಲ್ಲ. ಎಸ್ಪೆರಾಂಟೊದಲ್ಲಿ ನಿಶ್ಚಿತಕ್ಕೆ ಮಾತ್ರ ಪದವಿದೆ. ಅನಿಶ್ಚಿತವೆಂದರೆ ಬರಿಯ ನಾಮಪದ.

ಸವೆದ ಪದ ನಾಮಪದದ ಮುಂದೆ ಬಿಡಿಯಾಗಿ ನಿಲ್ಲಬಹುದು, ಬೆನ್ನಿಗೆ ಅಂಟಬಹುದು. ಸ್ವೀಡಿಷ್‌ನಲ್ಲಿ ‘ಬೂಕ್’ ಪುಸ್ತಕ, ‘ಬೂಕೆನ್’ ಗೊತ್ತಿರುವ ಆ ಪುಸ್ತಕ. ವಚನದ ಭಾರವನ್ನು ಆರ್ಟಿಕಲ್‌ಗೇ ಹೊರಿಸಲೂಬಹುದು: ಸಿಂದರಿನ್‌ನಲ್ಲಿ ಏಕವಚನಕ್ಕೆ ‘ಇ’, ಬಹುವಚನಕ್ಕೆ ‘ಇನ್’. ಇಡೊ ಇದನ್ನು ಮಿತವಾಗಿ ಬಳಸುತ್ತದೆ. ಸಾಮಾನ್ಯವಾಗಿ ‘ಲ’, ಹಲವು ಎಂದು ತೋರಿಸಲು ವಾಕ್ಯದಲ್ಲಿ ಬೇರೇನೂ ಇಲ್ಲದಾಗ ಮಾತ್ರ ‘ಲೆ’. ಬೇಕಾದಾಗ ಮಾತ್ರ ಹೊರಬರುವ ಇಂಥ ಗುರುತುಗಳು ನನಗೆ ಅಚ್ಚುಮೆಚ್ಚು.

ಆರ್ಟಿಕಲ್ ಇಲ್ಲದೆಯೂ ನಿಶ್ಚಿತತೆ ತೋರಿಸಬಹುದು, ಕನ್ನಡ ಬಲ್ಲವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ‘ಪುಸ್ತಕ ಓದಿದೆ’, ‘ಪುಸ್ತಕವನ್ನು ಓದಿದೆ’ ಎರಡನ್ನೂ ಹೇಳಿ ನೋಡಿ. ಮೊದಲನೆಯದು ಓದುವ ಕೆಲಸದ ಸುದ್ದಿ, ಎರಡನೆಯದರಲ್ಲಿ ಪುಸ್ತಕಕ್ಕೆ ಒಂದು ಮುಖವಿದೆ. ಟರ್ಕಿಶ್‌ನಲ್ಲೂ ದ್ವಿತೀಯಾ ವಿಭಕ್ತಿ ಇದೇ ಕೆಲಸ ಮಾಡುತ್ತದೆ. ಜೀವಂತಿಕೆಯ ಶ್ರೇಣಿ ಇಲ್ಲೂ ಕೈ ಹಾಕುತ್ತದೆ: ‘ಹುಡುಗನನ್ನು ನೋಡಿದೆ’ ಎಂಬಲ್ಲಿ ವಿಭಕ್ತಿಯನ್ನು ಬಿಡುವಂತಿಲ್ಲ. ಹಂಗೇರಿಯನ್‌ನಲ್ಲಿ ಕರ್ಮ ನಿಶ್ಚಿತವೋ ಅಲ್ಲವೋ ಎಂಬುದಕ್ಕೆ ತಕ್ಕಂತೆ ಕ್ರಿಯಾಪದದ ರೂಪವೇ ಬದಲಾಗುತ್ತದೆ. ಕಟ್ಟುಭಾಷೆಗಳಲ್ಲಿ ಈ ದಾರಿಗಳನ್ನು ತುಳಿದವರು ಕಡಿಮೆ. ಹೊಸತು ಮಾಡಲು ಇಲ್ಲಿ ಜಾಗವಿದೆ.

ಮಾದರಿಯಲ್ಲಿ ‘ಸೊ’ ಪದದ ಬೆನ್ನಿಗೆ ಅಂಟಿ, ಸ್ವರದ ನಂತರ ‘ಸ್’ ಆಗಿ ಸವೆಯಲಿ, ವ್ಯಂಜನದ ನಂತರ ಇಡಿಯಾಗಿ ಉಳಿಯಲಿ. ತೊರಿಸ್, ತೊರಿರಸ್, ಮೆಕ್ಸೊ. ಮೊದಲು ವಚನ, ಆಮೇಲೆ ನಿಶ್ಚಿತ, ವಿಭಕ್ತಿ ಇದ್ದರೆ ಕೊನೆಗೆ. ಕಲ್ಲಿಗೆ ಬಹುವಚನ ಇಲ್ಲದ ಕಾರಣ ‘ಮೆಕ್ಸೊ’ ಎಂದರೆ ಆ ಕಲ್ಲೂ ಹೌದು, ಆ ಕಲ್ಲುಗಳೂ ಹೌದು. ಗಾಬರಿ ಬೇಡ. ಸಂದರ್ಭ ನೋಡಿಕೊಳ್ಳುತ್ತದೆ.

ಹಂತ 8: ಗುರುತು ಬೇಡದ ಜಾಗಗಳು

ಮೂರು ಕಡೆ ಮುಂಚೆಯೇ ತೀರ್ಮಾನ ಬೇಕು. ಒಂದು, ಅಂಕಿತನಾಮ: ಗ್ರೀಕ್ ಭಾಷೆ ಜನರ ಹೆಸರಿಗೂ ಆರ್ಟಿಕಲ್ ಹಚ್ಚುತ್ತದೆ, ಇಂಗ್ಲಿಷ್ ಹಚ್ಚುವುದಿಲ್ಲ. ಎರಡು, ‘ನನ್ನ’, ‘ನಿನ್ನ’ ಇದ್ದಾಗ: ಇಂಗ್ಲಿಷ್ ಆರ್ಟಿಕಲ್ ಬಿಡುತ್ತದೆ, ಇಟಾಲಿಯನ್‌ನಲ್ಲಿ ಸಾಮಾನ್ಯವಾಗಿ ಎರಡೂ ಬರುತ್ತವೆ. ಕ್ಲಿಂಗನ್‌ನಲ್ಲಿ ‘ನನ್ನ’ ಎಂಬ ಪ್ರತ್ಯಯ, ‘ಆ’ ಎಂಬ ಪ್ರತ್ಯಯ ಎರಡಕ್ಕೂ ಪದದಲ್ಲಿ ಒಂದೇ ಸ್ಥಾನ. ಆದ್ದರಿಂದ ‘ನನ್ನ ಆ ಹಡಗು’ ಎಂದು ಎರಡನ್ನೂ ಒಂದೇ ಪದಕ್ಕೆ ಅಂಟಿಸಲು ಬರುವುದಿಲ್ಲ. ಮೂರು, ಕುಲವಾಚಕ: ಆನೆಗಳ ಕುಲದ ಬಗ್ಗೆ ಹೇಳುವಾಗ ಇಂಗ್ಲಿಷ್ ಬರಿಯ ಬಹುವಚನ ಬಳಸಿದರೆ ಫ್ರೆಂಚ್ ಆರ್ಟಿಕಲ್ ಸಹಿತ ಬಹುವಚನ ಬಳಸುತ್ತದೆ. ಯಾವುದು ಸರಿ ಎಂಬ ಪ್ರಶ್ನೆಯಿಲ್ಲ, ನಿಮ್ಮದು ಯಾವುದು ಎಂಬುದಷ್ಟೇ.

ಹಂತ 9: ಒರೆಗೆ ಹಚ್ಚಿ

ಈ ವಾಕ್ಯಗಳನ್ನು ನಿಮ್ಮ ಭಾಷೆಗೆ ತನ್ನಿ. ನಿಯಮದ ಪುಟವನ್ನು ನೋಡಿಕೊಂಡೇ ಬರೆಯಿರಿ, ಮನಸ್ಸಿಗೆ ತೋಚಿದಂತೆ ಬೇಡ.

1. ಮರದಲ್ಲಿ ಒಂದು ಹಕ್ಕಿ ಇದೆ. ಹಕ್ಕಿ ಹಾಡುತ್ತಿದೆ.
2. ಮೂವರು ಹುಡುಗಿಯರು ಮೂರು ಕಲ್ಲು ಎತ್ತಿದರು.
3. ನೀರು ಚೆಲ್ಲಿತು.
4. ಮನೆಗೆ ಹೋದೆ. ಬಾಗಿಲು ಮುಚ್ಚಿತ್ತು.
5. ಸೂರ್ಯ ಮುಳುಗಿದ.
6. ಯಾವ ಹಕ್ಕಿಯೂ ಬರಲಿಲ್ಲ.
7. ಹಕ್ಕಿಗಳಿಗೆ ರೆಕ್ಕೆ ಇರುತ್ತದೆ.
8. ನನ್ನ ಕಣ್ಣು ಉರಿಯುತ್ತಿವೆ.
9. ಅಮ್ಮ ಒಂದು ಪುಸ್ತಕ ಹುಡುಕುತ್ತಿದ್ದಾಳೆ, ಯಾವುದಾದರೂ ಸರಿಯಂತೆ.

ಒಂದು ವಾಕ್ಯಕ್ಕೆ ಎರಡು ಉತ್ತರ ಹೊಳೆದರೆ ಅಲ್ಲೊಂದು ನಿಯಮ ಬಾಕಿ ಇದೆ ಎಂದರ್ಥ. ಒಂದೂ ಹೊಳೆಯದಿದ್ದರೆ ಎರಡು ನಿಯಮಗಳು ಒಂದಕ್ಕೊಂದು ಡಿಕ್ಕಿ ಹೊಡೆದಿವೆ.

ನಮ್ಮ ಮಾದರಿಯೂ ಎಡವಿತು. ‘ಮೊದಲೇ ಹೇಳಿದ್ದಕ್ಕೆ ಸ್’ ಎಂದು ನಿಯಮ ಬರೆದುಕೊಂಡಿದ್ದರಿಂದ ಒಂದನೆಯ ವಾಕ್ಯ ಸಲೀಸಾಗಿ ಬಂತು: ಮೊದಲು ‘ವೆನ್’, ಆಮೇಲೆ ‘ವೆನ್ಸೊ’. ನಾಲ್ಕನೆಯದರಲ್ಲಿ ಬಾಗಿಲನ್ನು ಮೊದಲು ಹೇಳಿಲ್ಲ. ನಿಯಮದ ಪ್ರಕಾರ ಬರಿಯ ರೂಪ ಬರಬೇಕು, ಆಗ ದಾರಿಯಲ್ಲಿ ಬಿದ್ದಿದ್ದ ಯಾವುದೋ ಬಾಗಿಲು ಎಂಬಂತಾಗುತ್ತದೆ. ನಿಯಮವನ್ನು ‘ಕೇಳುವವರಿಗೆ ಗುರುತು ಸಿಗುವುದಕ್ಕೆ ಸ್’ ಎಂದು ತಿದ್ದಿದೆವು. ಬಾಗಿಲು ಸರಿಹೋಯಿತು, ಸೂರ್ಯನಿಗೂ ‘ಸ್’ ಬಂತು. ಆದರೆ ಒಂಬತ್ತನೆಯದರ ಅಮ್ಮನ ಗುರುತು ಎಲ್ಲರಿಗಿಂತ ಚೆನ್ನಾಗಿ ಸಿಗುತ್ತದಲ್ಲ, ಅವಳಿಗೂ ಹಚ್ಚಬೇಕೇ? ಹೆಸರಿನಂತೆ ಬಳಸುವ ಬಂಧುವಾಚಕಗಳಿಗೆ ಬೇಡ ಎಂದು ಇನ್ನೊಂದು ಸಾಲು ಸೇರಿಸಿದೆವು. ಏಳನೆಯದಕ್ಕೆ ‘ವೆಂದ್ರ’ವೋ ‘ವೆಂದ್ರಸ್’ಓ ಎಂಬುದು ಇನ್ನೂ ಖಾಲಿಯಿದೆ, ಆ ಸಾಲನ್ನು ನೀವೇ ತುಂಬಿ.